ಕೊಸರಿಗೆ ಹೋದ ಕೌದಿ

ಕಳೆದ ತಿಂಗಳು ಮದುವೆಯೊಂದಕ್ಕೆಂದು ಬೆಳಗಾವಿಗೆ ಹೋದವಳು, ಹಳೆಯ ವಿದ್ಯಾರ್ಥಿನಿ ಸುಜಾತಾಳ ಒತ್ತಾಯಕ್ಕೆ ಮಣಿದು ಒಂದು ಮಧ್ಯಾಹ್ನ ಅವಳ ಮನೆಯಲ್ಲಿ ಉಳಿದುಕೊಂಡೆ. ಊಟವಾದ ಮೇಲೆ ಅತಿಥಿಗಳ ಕೋಣೆಯ ಬಾಗಿಲು ತೆರೆದು, "ಇಲ್ಲೆ ಸ್ವಲ್ಪ ಅಡ್ಡಾಗ್ರಿ ಅಕ್ಕೋರ" ಎಂದಳು. ಒಳಗೆ ಕಾಲಿಟ್ಟವಳು ಹೊಸ್ತಿಲಲ್ಲೇ ನಿಂತೆ. ಕಿಟಕಿ ಮುಚ್ಚಿ, ಪರದೆ ಎಳೆದು, ಏಸಿ ಹಾಕಿದ್ದ ಆ ಕೋಣೆಯಲ್ಲಿ ಮಲಪ್ರಭೆಯ ವಾಸನೆ ಬರುತ್ತಿತ್ತು. ಹೊಳೆಯ ನೀರಿನಲ್ಲಿ ನೆನೆದ ಹಳೆಯ ಬಟ್ಟೆ ಕಾದ ಬಂಡೆಯ ಮೇಲೆ ಒಣಗುವಾಗ ಏಳುತ್ತದಲ್ಲ, ಕೆಸರು, ಬಿಸಿಲು, ಬೇವಿನೆಲೆ ಮೂರೂ ಬೆರೆತ ವಾಸನೆ, ಅದು.

"ಈ ವಾಸನಿ ಎಲ್ಲಿಂದ ಬಂತು?" ಎಂದೆ.

ಸುಜಾತಾ ಹೆಮ್ಮೆಯಿಂದ ಮೇಜಿನ ಮೇಲಿನ ಸಣ್ಣ ಬಾಟಲಿ ತೋರಿಸಿದಳು. ಅದರೊಳಗಿನದನ್ನು ಹಾಸಿಗೆಯ ಮೇಲೆ ಚಿಮುಕಿಸಬೇಕಂತೆ. ಹಾಸಿಗೆಯ ಮೇಲಿನ ಕೌದಿ, ದಿಂಬಿನ ಚೀಲ, ಚಹಾದ ಕಪ್ಪು, ಗೋಡೆಯ ಕ್ಯಾಲೆಂಡರು, ಅವಳು ಆಫೀಸಿಗೆ ಒಯ್ಯುವ ಕೈಚೀಲ, ಎಲ್ಲವೂ ಒಂದೇ ಕಂಪನಿಯವು.

"ಇದು ಬರೇ ಹೊಚಗೊಳ್ಳೂದಲ್ರಿ ಅಕ್ಕೋರ, ಒಂದು ಲೈಫ್‌ಸ್ಟೈಲ್ ರೀ. ಒಮ್ಮೆ ಹಿಂಗ ಇರಾಕ ರೂಢಿ ಆತಂದ್ರ ಬ್ಯಾರೆ ಯಾವುದೂ ಮನಸಿಗೆ ಬರೂದಿಲ್ಲ."

ಅವಳ ಎಷ್ಟೋ ವಾಕ್ಯಗಳನ್ನು ನಾನು ಕೆಂಪು ಶಾಯಿಯಲ್ಲಿ ತಿದ್ದಿದವಳು. ಆ ದಿನ ತಿದ್ದಲಿಲ್ಲ. ನೆಲಕ್ಕೆ ಒಂದು ಚಾಪೆ ಕೇಳಿ ಪಡೆದು, ಮಂಚಕ್ಕೆ ಬೆನ್ನು ಮಾಡಿ ಮಲಗಿದೆ. ಸುಜಾತಾಳಿಗೆ ಬೇಸರವಾಗಿರಬೇಕು. ನನಗೆ ನಿದ್ದೆ ಬರಲಿಲ್ಲ. ಮನೋಳಿಯ ಆ ಒಂದು ವರ್ಷ ಮಗ್ಗುಲಿಗೆ ಬಂದು ಕುಳಿತಿತ್ತು.

ನಾನು ನಿವೃತ್ತಳಾದ ಮರುವರ್ಷ ಅದು. ಹುಟ್ಟೂರು ರಾಮದುರ್ಗವಾದರೂ ಕನ್ನಡ ಕಲಿಸುತ್ತ ಆಯುಷ್ಯ ಕಳೆದದ್ದು ಮನೋಳಿಯಲ್ಲಾದ್ದರಿಂದ ಹೊಳೆಯ ಓಣಿಯ ಬಾಡಿಗೆ ಮನೆಯಲ್ಲೇ ಉಳಿದಿದ್ದೆ. ಆ ವರ್ಷ ಹಿಡಿದ ಮಳೆ ಬಿಡಲೇ ಇಲ್ಲ. ಅಣೆಕಟ್ಟಿನಿಂದ ನೀರು ಬಿಟ್ಟಾಗಲೆಲ್ಲ ಹೊಳೆ ಕೆಂಪಾಗಿ ಮೆಟ್ಟಿಲೇರುತ್ತಿತ್ತು. ಗೋಡೆಗಳು ನೀರು ಕುಡಿದು ಊದಿದ್ದವು. ಹೊದಿಕೆಗಳಿಗೆ ಬೂಸರು ಹಿಡಿದು, ಮಲಗಿದರೆ ಮೈ ತುರಿಸುತ್ತಿತ್ತು. ಕೊನೆಗೆ ನವರಾತ್ರಿಗೆ ಮುಂಚೆ ಮೋಡ ಹರಿದು, ತೊಳೆದಿಟ್ಟಂಥ ಬಿಸಿಲು ಬಿತ್ತು. ನಮ್ಮ ಕಡೆ ಘಟ ಕೂಡಿಸುವ ಮೊದಲು ಮನೆಯ ಹಾಸಿಗೆ ಹೊದಿಕೆಯೆಲ್ಲ ತೊಳೆದು ಶುದ್ಧ ಮಾಡಬೇಕು. ಓಣಿಯ ಮುಸಲ್ಮಾನರ ಮನೆಯವರೂ ಬಿಸಿಲು ನೋಡಿ ಅದೇ ದಿನಗಳಲ್ಲಿ ಹೊಳೆಗೆ ಇಳಿಯುತ್ತಿದ್ದರು.

ಕೌದಿಯನ್ನು ಅರಿಯದವರಿಗಾಗಿ ಒಂದು ಮಾತು. ಉಟ್ಟು ಸವೆದ ಸೀರೆ, ಹರಿದ ಧೋತರ, ಮಕ್ಕಳು ಬೆಳೆದು ಬಿಟ್ಟ ಅಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ಒತ್ತೊತ್ತು ಹೊಲಿಗೆಯಿಂದ ಬಿಗಿದ ಹೊದಿಕೆ ಅದು. ಒಂದು ಮೂಲೆಯನ್ನು ಕಡೆಯವರೆಗೂ ಬಿಟ್ಟಿರುತ್ತಾರೆ. ಅದನ್ನು ಮುಚ್ಚುವ ಮುನ್ನ ರೊಟ್ಟಿಯದೋ ಹೋಳಿಗೆಯದೋ ಒಂದು ತುಣುಕನ್ನು ಒಳಗಿಟ್ಟು ಹೊಲಿಯುತ್ತಾರೆ. ಇದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹಸಿದ ಕೌದಿ ಹೊದ್ದವರನ್ನು ಬೆಚ್ಚಗಿಡಲಾರದೆಂಬುದು ನಮ್ಮ ಹೆಂಗಸರ ನಂಬಿಕೆ.

ನನ್ನ ಮನೆಗೆ ಅಂಟಿದ ಗೋಡೆಯಾಚೆ ಶಾಂತವ್ವನ ಮನೆ. ಗಂಡ ಬಹಳ ಹಿಂದೆಯೇ ತೀರಿಕೊಂಡಿದ್ದ. ಓಣಿಯವರು ಕೊಟ್ಟ ಹಳೆಯ ಬಟ್ಟೆಗಳಿಂದ ಅವರವರಿಗೆ ಕೌದಿ ಹೊಲಿದುಕೊಟ್ಟು ಅವಳು ಮಗಳನ್ನು ಬೆಳೆಸಿದಳು. ಮಗಳು ನನ್ನ ವಿದ್ಯಾರ್ಥಿನಿ. ಕಸ್ತೂರಿ ಎಂದು ಬರೆಯುತ್ತೇನೆ. ಹತ್ತನೆಯ ತರಗತಿ ಮುಗಿಸಿ ಸವದತ್ತಿಯ ಕಾಲೇಜಿಗೆ ಹೋಗತೊಡಗಿದ ವರ್ಷವೇ ಜ್ವರ ಬಂತು. ಹುಬ್ಬಳ್ಳಿಯ ಆಸ್ಪತ್ರೆ ಸೇರಿಸುವಷ್ಟರಲ್ಲಿ ಹುಡುಗಿ ಇರಲಿಲ್ಲ. ಸತ್ತವರ ಬಟ್ಟೆಯನ್ನು ಹೊಳೆಗೆ ಬಿಡಬೇಕು, ಮನೆಯಲ್ಲಿ ಇಟ್ಟುಕೊಳ್ಳಬಾರದು ಎಂದು ಬಂಧುಗಳು ಬುದ್ಧಿ ಹೇಳಿದರು. ಹೇಳಿದವರು ಯಾರು, ಹಾಗೆ ಹೇಳುವಾಗ ಅವರು ತಿನ್ನುತ್ತಿದ್ದದ್ದು ಏನು ಎಂಬುದೂ ನನಗೆ ನೆನಪಿದೆ. ಶಾಂತವ್ವ ಯಾರ ಮಾತನ್ನೂ ಕೇಳಲಿಲ್ಲ. ಶಾಲೆಯ ನೀಲಿ ಲಂಗ, ಬಿಳಿಯ ಅಂಗಿ, ಸೋದರಮಾವನ ಮದುವೆಗೆ ಉಟ್ಟ ಹಳದಿ ದಾವಣಿ, ಖಣದ ಕುಪ್ಪಸ, ಎಲ್ಲವನ್ನೂ ಕತ್ತರಿಸಿ ಒಂದು ಕೌದಿ ಹೊಲಿದಳು. ಬಿಳಿಯ ಅಂಗಿಯ ಎದೆಯ ಮೇಲೆ ಮಾವಿನಕಾಯಿಯಷ್ಟು ಶಾಯಿಯ ಕಲೆ ಇತ್ತು. ನನ್ನ ತರಗತಿಯಲ್ಲೇ ಆದ ಕಲೆ ಅದು. ಪರೀಕ್ಷೆ ಬರೆಯುತ್ತಿದ್ದಾಗ ಪೆನ್ನು ಸೋರಿ, ನಾನು ಹತ್ತಿರ ಹೋದರೆ, "ನನಗ ಉತ್ತರ ಬರೂದಿಲ್ಲಂತ ಪೆನ್ನs ಅಳಾಕ ಹತ್ತೇತ್ರಿ ಅಕ್ಕೋರ" ಎಂದು ನಕ್ಕಿದ್ದಳು. ಶಾಂತವ್ವ ಆ ತುಂಡನ್ನು ಬಿಸಾಡದೆ ಕೌದಿಯ ನಟ್ಟನಡುವೆ ಕೂಡಿಸಿದ್ದಳು. ಮೂಲೆಗೆ, ಮಗಳಿಗೆ ಪ್ರೀತಿಯೆಂದು, ಶೇಂಗಾ ಹೋಳಿಗೆಯ ತುಣುಕು ಇಟ್ಟಿದ್ದಳು. ಅದನ್ನು ಹೊದ್ದುಕೊಂಡೇ ಅವಳು ಮಲಗುತ್ತಿದ್ದಳು. ವರ್ಷಗಳಲ್ಲಿ ಅದರ ಬಣ್ಣವೆಲ್ಲ ಬಿಸಿಲಿಗೆ ಕುಂದಿ, ಮೋಡದ ಬಣ್ಣಕ್ಕೆ ತಿರುಗಿತ್ತು.

ಆ ದಿನ ಬೆಳಿಗ್ಗೆ ಹೊಳೆಯ ದಂಡೆ ತುಂಬಿತ್ತು. ಬೈಲಹೊಂಗಲದಿಂದ ಸೊಸೆಯಾಗಿ ಬಂದ ಮೈಮುನಾಳಿಗೆ ಮನೋಳಿಯಲ್ಲಿ ಅದು ಮೊದಲ ತೊಳೆತ. ಅವಳ ಅತ್ತೆ ನೆನೆದ ಕೌದಿಯನ್ನು ಅವಳ ಕಾಲಿನ ಮುಂದೆ ಹಾಕಿ, "ತುಳೀ ಬೇಟಿ, ಮಾವನ ಮ್ಯಾಗಿನ ಸಿಟ್ಟೆಲ್ಲಾ ಇದರ ಮ್ಯಾಲ ತೀರಿಸ್ಕೊ" ಎಂದಳು. ಮತ್ತೊಬ್ಬಳು ಕೆಣಕಿದಳು: "ನಿಮ್ಮ ಬೈಲಹೊಂಗಲದಾಗ ಕೌದಿ ತುಳಿಯಾಕೂ ಮಷೀನ್ ಅದಾವಂತಲ್ಲ?"

"ಅಂಥಾ ಮಷೀನ್ ಇದ್ದಿದ್ರ ನಾ ಇಲ್ಲಿಗೆ ಯಾಕ ಬರ್ತಿದ್ನಿ? ಅದನ್ನs ಲಗ್ನ ಆಗಿ ಆರಾಮ ಇರ್ತಿದ್ದೆ" ಎಂದಳು ಮೈಮುನಾ. ದಂಡೆಯೆಲ್ಲ ನಕ್ಕಿತು. ಶಾಂತವ್ವ ಮಾತ್ರ ದೂರದಲ್ಲಿ, ಮೊಣಕಾಲಿನಷ್ಟು ನೀರಿನಲ್ಲಿ ನಿಂತು, ತನ್ನ ಕೌದಿಯನ್ನು ಕೈಯಿಂದಲೇ ಅಲುಬುತ್ತಿದ್ದಳು. ಅದನ್ನು ಅವಳು ಕಲ್ಲಿಗೆ ಬಡಿಯುತ್ತಿರಲಿಲ್ಲ, ತುಳಿಯುತ್ತಿರಲಿಲ್ಲ.

ಒಣಗಿದ ಕೌದಿಗಳನ್ನು ಇದ್ದವರು ಮಡಚಿ ದಂಡೆಗೆ ಹತ್ತಿರವಿದ್ದ ಮೈಮುನಾಳ ಮನೆಯ ಕಟ್ಟೆಯ ಮೇಲೆ ಒಟ್ಟುವುದು, ಸಂಜೆ ಅವರವರದನ್ನು ಅವರವರು ಒಯ್ಯುವುದು ಓಣಿಯ ಪದ್ಧತಿ. ಗುರುತಿನ ದಾರವನ್ನೂ ಯಾರೂ ಕಟ್ಟುತ್ತಿರಲಿಲ್ಲ. ಕೌದಿಯೇ ಗುರುತಾಗಿತ್ತು. ಆ ಮಧ್ಯಾಹ್ನ ನಾನು ಶಾಂತವ್ವನನ್ನು ಕಣ್ಣು ತೋರಿಸಲು ಸವದತ್ತಿಗೆ ಕರೆದುಕೊಂಡು ಹೋಗಿದ್ದೆ. ಸೂಜಿಗೆ ದಾರ ಪೋಣಿಸುವುದು ಅವಳಿಗೆ ಕಷ್ಟವಾಗಿತ್ತು. ಬಸ್ಸಿನಲ್ಲಿ ಬರುವಾಗ, "ಚಾಳೀಸು ಬಂದ ಕೂಡ್ಲೆ ಆಕಿ ಕೌದಿ ಅಂಚು ಹೊಲದ ಬಿಡ್ತೇನ್ರಿ. ಎರಡೂ ಕಡೆ ಬಿಟ್ಟೇತಿ" ಎಂದಳು. ಕನ್ನಡಕಕ್ಕೆ ನಾವು ಚಾಳೀಸು ಎನ್ನುತ್ತೇವೆ.

ಓಣಿಗೆ ಬಂದರೆ ಗದ್ದಲವೇ ಗದ್ದಲ. ದೊಡ್ಡ ಕಾರಿನಲ್ಲಿ ಬೆಂಗಳೂರಿನ ಕಂಪನಿಯವರು ಬಂದು ಕೌದಿ ಕೊಂಡು ಹೋಗಿದ್ದರು. ಹೊಸದು ಬೇಡವಂತೆ, ಹೊದ್ದು ಹಳತಾದದ್ದೇ ಬೇಕಂತೆ. ಮೈಮುನಾಳ ಅತ್ತೆ ಹೊಲಕ್ಕೆ ಹೋಗುವ ಮುನ್ನ ತಮ್ಮ ಮನೆಯ ಎರಡನ್ನು ಕೊಡಲು ಒಪ್ಪಿದ್ದಳಂತೆ. ಮೈಮುನಾ ಕಣ್ಣರಳಿಸಿಕೊಂಡು ಎಲ್ಲರಿಗೂ ಅದನ್ನೇ ಹೇಳುತ್ತಿದ್ದಳು.

ಶಾಂತವ್ವ ಕಟ್ಟೆಯ ಮೇಲಿನ ಒಟ್ಟಿಲನ್ನು ಒಂದೊಂದಾಗಿ ಎತ್ತಿ ನೋಡಿದಳು. ಮತ್ತೆ ಮೊದಲಿನಿಂದ ನೋಡಿದಳು.

"ನಂದು ಎಲ್ಲೈತಿ?"

"ಯಾವುದ್ರಿ ಅವ್ವಾ?"

"ಮಾಸಿದ್ದು. ನಡಬರಕ ಬಿಳೇ ತುಂಡು ಐತಿ, ಶಾಯಿ ಕಲಿ."

ಮೈಮುನಾಳ ಮುಖದ ಬಣ್ಣ ಇಳಿಯಿತು. "ಅದು ನಿಮ್ಮದೇನ್ರಿ? ನಮ್ಮ ಮನೀದs ಅಂತ ತಿಳದ್ನಿರಿ ಅವ್ವಾ. ಎರಡು ತಗೊಂಡ್ರು. ತಗೊಂಡವರನ್ನ ಬರೇ ಹಂಗs ಕಳಸೂದು ಚಂದಲ್ಲಂತ… ಎಲ್ಲಾದಕ್ಕೂ ಹಳೀದು ಅದ ಇತ್ತು. ಕೊಸರಿಗೆ ಕೊಟ್ನಿರಿ."

ಕೊಸರು ಎಂದರೆ ನಮ್ಮ ಪೇಟೆಗಳ ಮರ್ಯಾದೆ. ಕಾಯಿಪಲ್ಲೆ ತೂಗಿದ ಮೇಲೆ ಮೇಲಿಷ್ಟು ಕೊತ್ತಂಬರಿ ಹಾಕದೆ ಗಿರಾಕಿಯನ್ನು ಕಳುಹಿಸುವವರು ಬೈಲಹೊಂಗಲದ ಸಂತೆಯಲ್ಲಿ ಇಲ್ಲ. ಆ ಹುಡುಗಿ ಮನೆಗೆ ಬಂದವರೆದುರು ಅತ್ತೆಯ ಮನೆಯ ಮರ್ಯಾದೆ ಕಾದೆನೆಂದುಕೊಂಡಿದ್ದಳು. ಅವಳನ್ನು ಅವಳ ಅತ್ತೆ ಬೈದದ್ದನ್ನು ಇಲ್ಲಿ ಬರೆಯಲಾರೆ. ಶಾಂತವ್ವ ಬೈಯಲಿಲ್ಲ. ಕಟ್ಟೆಯ ಮೇಲೆ ಕುಳಿತು, "ನಾ ಇವತ್ತ ಸವದತ್ತಿಗೆ ಹೋಗಬಾರದಿತ್ತು" ಎಂದಷ್ಟೇ ಅಂದಳು.

ಕಂಪನಿಯವರು ಬಿಟ್ಟುಹೋಗಿದ್ದ ನಂಬರಿಗೆ ನಾನೇ ಫೋನು ಮಾಡಿದೆ. ಮಾತನಾಡಿದ ಹುಡುಗಿ ಅನನ್ಯಾ. ನಮ್ಮ ಭಾಗದ ಕೆಲಸವೆಲ್ಲ ಅವಳದೇ. ನಾನು ಯಾರೆಂದು ಸ್ಪಷ್ಟವಾಗಿ ಹೇಳಿ, ಕೌದಿ ತೀರಿಹೋದ ನನ್ನ ವಿದ್ಯಾರ್ಥಿನಿಯ ಬಟ್ಟೆಯದೆಂದು ವಿವರಿಸಿದೆ. "ಅಯ್ಯೋ, ಖಂಡಿತ ಕಳಿಸ್ತೀವಿ ಆಂಟಿ. ಅದು ಡಿಸೈನ್ ಟೀಮ್ ಹತ್ರ ಹೋಗಿದೆ. ತುಂಬಾ ಬ್ಯೂಟಿಫುಲ್ ಪೀಸ್!" ಎಂದಳು. ಮನೋಳಿಯಲ್ಲಿ ನನ್ನನ್ನು ಅಕ್ಕೋರೇ ಎನ್ನದೆ ಬೇರೆ ಹೆಸರಿನಿಂದ ಕರೆದವರಿಲ್ಲ. ಆಂಟಿ ಎಂಬುದನ್ನು ಆ ದಿನ ನುಂಗಿಕೊಂಡೆ.

ದೀಪಾವಳಿ ಕಳೆಯಿತು, ಕೌದಿ ಬರಲಿಲ್ಲ. ಹಿಂಗಾರಿ ಜೋಳ ಮೊಣಕಾಲಿಗೆ ಬಂದು, ಹೊಳೆಯ ಮೇಲೆ ಬೆಳಗಿನ ಮಂಜು ಕೂರತೊಡಗಿದಾಗ ಅನನ್ಯಾ ತಾನೇ ಬಂದಳು. ಅವಳ ಕೈಯಲ್ಲಿ ಕೌದಿ ಇರಲಿಲ್ಲ. ಓಣಿಯ ಹೆಂಗಸರಿಗೆ ಹೊಲಿಗೆಯ ಕೆಲಸ ತಂದಿದ್ದಳು. ಶಾಂತವ್ವನ ಕೈಹಿಡಿದು, "ನಿಮ್ದು ಸೇಫಾಗಿದೆ ಅಮ್ಮ, ಬರುತ್ತೆ" ಎಂದಳು. ಹುಡುಗಿ ಕೆಟ್ಟವಳಲ್ಲ. ಮಾತಿನಲ್ಲಿ ಅಕ್ಕರೆ ಇತ್ತು, ಅದೇ ನಮ್ಮನ್ನು ಅಷ್ಟು ದಿನ ಕಾಯಿಸಿತು.

ಅವಳ ಜೊತೆ ಚಿತ್ರ ತೆಗೆಯುವವನೊಬ್ಬ ಬಂದಿದ್ದ. ನನ್ನ ಮನೆಯ ಕಟ್ಟೆಯ ಮೇಲೆ ಹೊಲಿಗೆಯ ಚಿತ್ರ ಚೆನ್ನಾಗಿ ಬರುತ್ತದೆಂದು ಅವನ ನಿರ್ಧಾರ. ಪ್ಲಾಸ್ಟಿಕ್ ಕೊಡಗಳನ್ನು ಸರಿಸಿ, ತಾಮ್ರದವು ಇಲ್ಲವೇ ಎಂದು ಕೇಳಿದ. ಮ್ಯಾಕ್ಸಿ ತೊಟ್ಟಿದ್ದವರನ್ನು ಇಳಕಲ್ ಸೀರೆ ಉಟ್ಟು ಬನ್ನಿರೆಂದು ಮನೆಗೆ ಕಳುಹಿಸಿದ. ಶಾಂತವ್ವನಿಗೆ ಹೊಸ ಕನ್ನಡಕ ತೆಗೆಯಲು ಹೇಳಿದ.

"ಚಾಳೀಸು ತಗದ್ರ ನನಗ ಸೂಜಿ ಕಾಣೂದಿಲ್ಲಪಾ."

"ಹೊಲಿಯೋದು ಬೇಡಮ್ಮ. ಹೊಲಿಯೋ ಥರ ಕೂತ್ಕೊಂಡ್ರೆ ಸಾಕು."

ಕೊನೆಗೆ ನನ್ನ ಕಡೆ ತಿರುಗಿ, "ಆಂಟಿ, ನೀವೊಬ್ರು ಸ್ವಲ್ಪ ಆಚೆ" ಎಂದ. ಕೈಗಡಿಯಾರ ಕಟ್ಟಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಕುರ್ಚಿಯ ಮೇಲೆ ಕುಳಿತ ನಾನು ಅವನಿಗೆ ಬೇಕಾದ ಹಳ್ಳಿಯಲ್ಲಿ ಇರಲಿಲ್ಲ. ಕುರ್ಚಿ ನನ್ನದು, ಕಟ್ಟೆಯೂ ನನ್ನದು. ಎದ್ದು ಬೀದಿಯಲ್ಲಿ ನಿಂತೆ. ಇದನ್ನು ನಾನು ಮರೆತಿಲ್ಲ.

ಇನ್ನೊಂದನ್ನೂ ಮರೆತಿಲ್ಲ. ಕೌದಿಯ ಹೊಟ್ಟೆ ತುಂಬಿಸುವ ಪದ್ಧತಿಯನ್ನು ಅನನ್ಯಾ ಬಹಳ ಆಸಕ್ತಿಯಿಂದ ಕೇಳಿ ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡಳು. ನಾನು ಅಳೆದು ತೂಗಿ, ಒಂದು ಪದ ಹೆಚ್ಚು ಕಡಿಮೆಯಾಗದಂತೆ ಹೇಳಿದೆ. ಸಂಕ್ರಮಣದ ಹೊತ್ತಿಗೆ ಕಂಪನಿಯ ಪುಸ್ತಕ ಬಂತು. ಅದರಲ್ಲಿ ನನ್ನ ಮಾತುಗಳೇ ಅಚ್ಚಾಗಿದ್ದವು. ಹೇಳಿದವರ ಹೆಸರಿರಬೇಕಾದಲ್ಲಿ 'ನದಿತೀರದ ಮುಗ್ಧ ಅಜ್ಜಿಯೊಬ್ಬರು' ಎಂದಿತ್ತು. ಮುಗ್ಧ ಎಂಬ ಪದಕ್ಕೆ ವಿರುದ್ಧಾರ್ಥಕ ಬರೆಯಿರಿ ಎಂದು ಮಕ್ಕಳಿಗೆ ಎಷ್ಟು ಸಲ ಪ್ರಶ್ನೆ ಕೊಟ್ಟಿದ್ದೇನೋ. ಅದಿರಲಿ. ಕಂಪನಿಯ ಕೌದಿಯಲ್ಲಿ ರೊಟ್ಟಿ ಇರುವಂತಿರಲಿಲ್ಲ, ಹುಳು ಹತ್ತುತ್ತದಂತೆ. ಮೂಲೆಗೆ ರೊಟ್ಟಿಯಾಕಾರದ ದುಂಡನೆಯ ಹಳದಿ ಬಟ್ಟೆ ಹೊಲಿದು, ಅದರ ಮೇಲೆ ಕಂಪನಿಯ ಹೆಸರು ಹಾಕಬೇಕು. ಅದು ಅವರ ಮುದ್ರೆಯಾಯಿತು.

ಆ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದವಳು ಓಣಿಯಲ್ಲಿ ನಾನೊಬ್ಬಳೇ ಇರಬೇಕು. ಕೌದಿ ಬೆಚ್ಚಗಿರುತ್ತದೆ, ಬಾಳಿಕೆ ಬರುತ್ತದೆ ಎಂಬ ಮಾತು ಎಲ್ಲೂ ಇರಲಿಲ್ಲ. ಸಮುದ್ರ ಕಾಣುವ ಪಡಸಾಲೆಯಲ್ಲಿ ತರುಣಿಯೊಬ್ಬಳು ಕೌದಿ ಹೊದ್ದು, ಕಂಪನಿಯ ಕಪ್ಪಿನಲ್ಲಿ ಚಹಾ ಹಿಡಿದು, ಏನನ್ನೂ ಮಾಡದೆ ಕುಳಿತಿದ್ದಳು. ಕೆಳಗೆ 'ನಿಧಾನವಾಗಿ ಬದುಕಿ' ಎಂದಿತ್ತು. ಹೊದಿಕೆಯನ್ನು ಮಾರಿದರೆ ಗಿರಾಕಿ ಒಂದನ್ನು ಕೊಂಡು ಸುಮ್ಮನಾಗುತ್ತಾನೆ. ಹೊದ್ದವರು ಎಂಥ ಮನುಷ್ಯರು ಎಂಬ ಕಲ್ಪನೆಯನ್ನು ಮಾರಿದರೆ, ಆ ಮನುಷ್ಯನಾಗಲು ಕಪ್ಪು ಬೇಕು, ಚೀಲ ಬೇಕು, ವಾಸನೆಯೂ ಬೇಕು. ಕೊಳ್ಳುವುದು ಮುಗಿಯುವುದೇ ಇಲ್ಲ. ಮನುಷ್ಯರು ಹೀಗೆ ಅಚ್ಚಿಗೆ ಬೀಳುವುದನ್ನು ನಾನು ಕಣ್ಣಾರೆ ಕಂಡೆ. ನಮ್ಮ ಓಣಿಯ ನಿಧಾನವೆಂದರೆ ನಲ್ಲಿಯ ನೀರಿಗೆ ಕಾಯುವ ನಿಧಾನ. ಆ ಚಿತ್ರ ಪುಸ್ತಕದಲ್ಲಿರಲಿಲ್ಲ.

ಚಳಿಗಾಲ ಮುಗಿಯುವಷ್ಟರಲ್ಲಿ ಓಣಿಯಲ್ಲಿ ಹಳೆಯ ಕೌದಿಗಳೇ ಉಳಿಯಲಿಲ್ಲ. ಕೊಟ್ಟವರು ಬೈಲಹೊಂಗಲದಿಂದ ಹುಲಿಯ ಚಿತ್ರದ ಜಾರುವ ರಗ್ಗು ತಂದರು. ಹಗಲೆಲ್ಲ ಕೌದಿ ಹೊಲಿದವರು ರಗ್ಗಿನಡಿ ಮಲಗುತ್ತಿದ್ದರು. ಶಾಂತವ್ವ ರಗ್ಗು ತರಲಿಲ್ಲ, ಬೇರೆ ಕೌದಿಯನ್ನೂ ಹೊದೆಯಲಿಲ್ಲ. ತೆಳ್ಳನೆಯ ಚಾದರದಲ್ಲಿ ನಡುಗುತ್ತ ಮಲಗಿದಳು. ನಾನು ನನ್ನದೊಂದನ್ನು ಒಯ್ದುಕೊಟ್ಟರೆ ಮಡಚಿ ತಿರುಗಿ ತಂದಿಟ್ಟಳು.

"ಇಷ್ಟ್ಯಾಕ ಹಟಾ ಮಾಡ್ತಿ ಶಾಂತವ್ವಾ? ಅವರ ಕೆಲಸಾನಾದ್ರೂ ಬಿಡು."

"ಹೆಂಗ ಬಿಡ್ಲಿರಿ ಅಕ್ಕೋರ? ಕೆಲಸಾ ಮಾಡಿದ್ರ ಅವರು ಬಂದು ಹೋಗಿ ಮಾಡ್ತಾರ. ಒಂದಿನಾ ಅದೂ ಬರತೈತಿ. ಕೆಲಸಾ ಬಿಟ್ಟೆಂದ್ರ ನನ್ನ ಯಾರು ನೆನಸ್ತಾರ?"

ಬೇಸಿಗೆ ಬಂತು. ಹೊಳೆ ಬತ್ತಿ ಬಂಡೆಗಳು ಹಲ್ಲು ತೋರಿಸಿದವು. ಆ ಬಿಸಿಲಿನಲ್ಲಿ ಒಂದು ದಿನ ಶಾಂತವ್ವನ ಹೆಸರಿಗೆ ಪಾರ್ಸೆಲ್ ಬಂತು. ಅವಳು ಒಡೆಯದೆ ನನ್ನ ಮನೆಗೆ ತಂದಳು. ಮೈಮುನಾ ಗರ್ಭಿಣಿ, ಬಿಸಿಲಲ್ಲಿ ಓಡಿ ಬಂದು ಬಾಗಿಲಲ್ಲಿ ನಿಂತಳು. ನಾನೇ ದಾರ ಕತ್ತರಿಸಿದೆ. ನೀಲಿ, ಹಳದಿ, ಖಣದ ಹಸಿರು, ನಡುವೆ ಬಿಳಿ, ಬಿಳಿಯ ಮೇಲೆ ಮಾವಿನಕಾಯಿಯಂಥ ಕಲೆ.

"ಬಂತ್ರೀ ಅವ್ವಾ, ಬಂತು!" ಎಂದು ಮೈಮುನಾ ಅತ್ತೇಬಿಟ್ಟಳು.

ಶಾಂತವ್ವ ಕಲೆಯ ಮೇಲೆ ಕೈ ಇಟ್ಟಳು. ಕನ್ನಡಕ ಸರಿಪಡಿಸಿಕೊಂಡು ತುಂಡುಗಳ ಅಂಚನ್ನು ಉಗುರಿನಿಂದ ಮುಟ್ಟಿದಳು. ಅಂಚುಗಳೇ ಇರಲಿಲ್ಲ. ಅದು ಒಂದೇ ಬಟ್ಟೆ. ಲಂಗವೂ ದಾವಣಿಯೂ ಕಲೆಯೂ ಅದರ ಮೇಲೆ ಅಚ್ಚು ಹಾಕಿದ ಚಿತ್ರಗಳು. ಮೂಲೆ ಹಿಡಿದು ಹಿಸುಕಿದಳು. ಹಳದಿ ಬಟ್ಟೆಯ ದುಂಡು ಮುದ್ರೆ ಕೈಗೆ ಬಂತು.

"ಇದಲ್ರಿ ಅಕ್ಕೋರ" ಎಂದಳು. "ಇದು ಆಕೀದಲ್ಲ."

ಫೋನಿನಲ್ಲಿ ಅನನ್ಯಾ ನಿಜವನ್ನೇ ಹೇಳಿದಳು. ಹಳೆಯದು ತೀರ ಜೀರ್ಣವಾಗಿತ್ತಂತೆ. ಅಳತೆ ತೆಗೆಯಲು ಪದರ ಬಿಚ್ಚಬೇಕಾಯಿತಂತೆ, ಬಿಚ್ಚಿದ ಮೇಲೆ ಕೂಡಿಸಲು ಆಗಲಿಲ್ಲವಂತೆ. ಚಿಂದಿಯನ್ನು ಯಾರೂ ಎತ್ತಿಟ್ಟಿರಲಿಲ್ಲ. "ಆದ್ರೆ ಆಂಟಿ, ಈಗ ಅದೇ ನಮ್ಮ ಬೆಸ್ಟ್ ಸೆಲ್ಲಿಂಗ್ ಡಿಸೈನ್. ಆ ಸ್ಟೇನ್ ಇದ್ಯಲ್ಲ, ಎಲ್ರಿಗೂ ಅದೇ ಇಷ್ಟ. ಒಂದು ಪೀಸ್ ಅಮ್ಮನಿಗೂ ಹೋಗ್ಲಿ ಅಂತ ಗಿಫ್ಟ್ ಕಳಿಸಿದ್ವಿ."

ಮರೆಮಾಚುವ ಅಭ್ಯಾಸ ನನಗಿಲ್ಲ. ಕೇಳಿದ್ದನ್ನು ಕೇಳಿದಂತೆ ಶಾಂತವ್ವನಿಗೆ ಹೇಳಿದೆ. ಅವಳು ಮೂಲೆಯ ದುಂಡು ಮುದ್ರೆಯನ್ನು ಬೆರಳಿನಿಂದ ಸವರಿದಳು. ಆಮೇಲೆ, "ಬಿಚ್ಚಿದಾಗ ಮೂಲ್ಯಾಗ ಹೋಳಿಗಿ ತುಣುಕು ಸಿಕ್ಕಿರಬೇಕಲ್ರಿ. ಅದನ್ನ ಏನಂತ ತಿಳದ್ರೋ ಏನೋ" ಎಂದಳು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮುಂದಿನ ವಾರ ಓಣಿಗೆ ಗಾಡಿ ತುಂಬ ಬಟ್ಟೆಯ ಗಂಟುಗಳು ಬಂದವು. ಬಿಚ್ಚಿದರೆ ಎಲ್ಲದರಲ್ಲೂ ಅದೇ ಅಚ್ಚು, ಅದೇ ಕಲೆ. ಹೆಂಗಸರು ಅದರ ಮೇಲೆ ಕೈಹೊಲಿಗೆ ಹಾಕಿಕೊಡಬೇಕು. ಗಂಟಿನ ಸುತ್ತ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಸೂಜಿ ಎತ್ತಲಿಲ್ಲ. ಮೊದಲು ಕೈಚಾಚಿದವಳು ಶಾಂತವ್ವ. "ನನ್ನ ಪಾಲಿಂದು ಕೊಡ್ರಿ" ಎಂದು ಒಂದು ಗಂಟನ್ನು ಎತ್ತಿಕೊಂಡು ಹೋದಳು. ಆಮೇಲೆ ಉಳಿದವರು ಸೂಜಿ ಹಿಡಿದರು.

ಆ ದಿನಗಳಲ್ಲಿ ಅವಳು ಬಾಗಿಲು ಮುಚ್ಚಿಕೊಂಡೇ ಹೊಲಿದಳು. ಕಾರಹುಣ್ಣಿಮೆಯ ಸುಮಾರಿಗೆ, ಮೊದಲ ಮಳೆಗೆ ಧೂಳು ಅಡಗಿದಾಗ, ಅನನ್ಯಾ ಅವಳ ಗಂಟನ್ನು ವಾಪಸು ಹೊತ್ತುಕೊಂಡು ಬಂದಳು. ಎಲ್ಲವೂ ತಿರಸ್ಕೃತವಾಗಿದ್ದವು. ನನ್ನ ಕಟ್ಟೆಯ ಮೇಲೆ ಒಂದನ್ನು ಹರವಿದಳು. ಹೊಲಿಗೆ ಅಂಚಿನಿಂದ ಎಂದಿನಂತೆ ಒತ್ತಾಗಿ, ನೇರವಾಗಿ ಬಂದಿತ್ತು. ನಡುವಿನ ಕಲೆಯ ಹತ್ತಿರ ಬಂದಾಗ ಮಾತ್ರ ಬಿಳಿಯ ದಾರದಿಂದ, ಎಳೆಯ ಮೇಲೆ ಎಳೆ ಹಾಕಿ, ಶಾಯಿಯ ಒಂದು ಚುಕ್ಕೆಯೂ ಕಾಣದಂತೆ ಅದನ್ನು ಮುಚ್ಚಿಬಿಟ್ಟಿದ್ದಳು. ಗಂಟಿನಲ್ಲಿದ್ದ ಎಲ್ಲವೂ ಹಾಗೆಯೇ ಇದ್ದವು.

"ಯಾಕಮ್ಮ ಹೀಗ್ ಮಾಡಿದ್ರಿ? ಅದೇ ಅಲ್ವಾ ಡಿಸೈನು?"

"ಅದು ನನ್ನ ಮಗಳ ಎದಿ ಮ್ಯಾಗಿನ ಶಾಯಿ" ಎಂದಳು ಶಾಂತವ್ವ. ದನಿ ಏರಿರಲಿಲ್ಲ. "ಮಂದಿ ಅದರ ಮ್ಯಾಲ ಕುಂಡರ್ತಾರ, ಚಾ ಚೆಲ್ತಾರ. ನನ್ನ ಕೈಗೆ ಬಂದಷ್ಟಾದ್ರೂ ಮುಚ್ಚಿ ಕಳಸೋಣಂತ ಮುಚ್ಚೇನಿ."

ಫೋನಿನಲ್ಲಿ ನಾನು ಹೇಳಿದ್ದನ್ನೆಲ್ಲ ಅನನ್ಯಾ ಕೇಳಿದ್ದಳು. ಆ ದಿನ ಮೊದಲ ಸಲ ಅದು ಅವಳಿಗೆ ಮುಟ್ಟಿತೆಂದು ಕಾಣುತ್ತದೆ. ಕಣ್ಣು ತುಂಬಿಕೊಂಡವು. ಮೆಟ್ಟಿಲ ಮೇಲೆ ಕುಳಿತು ಶಾಂತವ್ವನ ಮೊಣಕಾಲು ಮುಟ್ಟಿ, "ಸಾರಿ ಅಮ್ಮ" ಎಂದಳು. ಆಮೇಲೆ ಆ ಹುಡುಗಿಯ ಮುಖ ಬೆಳಗಿತು. ಆ ಬೆಳಕನ್ನು ಕಂಡು ನನಗೆ ಆದ ಭಯ ಇಂದಿಗೂ ಹೋಗಿಲ್ಲ.

"ಅಮ್ಮ, ಈ ಡಿಸೈನಿಗೆ ನಿಮ್ಮ ಮಗಳ ಹೆಸರೇ ಇಡೋಣ. ಪ್ರತಿ ಪೀಸ್ ಜೊತೆ ಅವಳ ಕಥೆ ಕೊಡೋಣ. ಜನ ಅವಳನ್ನ ಪ್ರೀತಿಸ್ತಾರೆ ಅಮ್ಮ, ಎಷ್ಟೋ ಮನೆಗಳಲ್ಲಿ ಅವಳು ಇರ್ತಾಳೆ. ಏನು ಹೆಸರು?"

ಗುಂಪಿನಲ್ಲಿ ಯಾರೋ, "ಚಲೋ ಆತಲ್ಲ, ಹುಡುಗಿ ಹೆಸರು ಉಳೀತೈತಿ" ಎಂದು ಪಿಸುಗುಟ್ಟಿದರು. ಅನನ್ಯಾ ಮೊಬೈಲ್ ಹಿಡಿದು ಕಾಯುತ್ತಿದ್ದಳು. ಶಾಂತವ್ವ ತಲೆಯೆತ್ತಿ ಸುತ್ತ ನಿಂತ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಆ ಹುಡುಗಿಯನ್ನು ಸೊಂಟದ ಮೇಲೆ ಎತ್ತಿ ಆಡಿಸಿದವರೇ ಎಲ್ಲರೂ. ಮೈಮುನಾಳೊಬ್ಬಳು ಅವಳನ್ನು ಕಂಡಿರಲಿಲ್ಲ. ಆದರೆ ಆ ಒಂದು ವರ್ಷದಲ್ಲಿ ಆ ಹೆಸರನ್ನು ಅವಳಷ್ಟು ಸಲ ನೆನೆದು ಅತ್ತವರು ಬೇರೆ ಯಾರೂ ಇರಲಿಲ್ಲ.

ಅನನ್ಯಾ ಅವಳ ಕಡೆಗೇ ತಿರುಗಿದಳು. "ನೀವಾದ್ರೂ ಹೇಳಿ, ಏನ್ ಹೆಸರು?"

ಮೈಮುನಾ ಹೊಟ್ಟೆಯ ಮೇಲಿನ ಸೆರಗು ಬಿಗಿ ಹಿಡಿದುಕೊಂಡು, "ನಂಗ ಗೊತ್ತಿಲ್ರಿ ಮೇಡಂ" ಎಂದಳು.

"ನಂಗೂ ಗೊತ್ತಿಲ್ಲವ್ವಾ" ಎಂದಳು ಅವಳ ಅತ್ತೆ. "ಭಾಳ ದಿನಾ ಆತು ನೋಡ್ರಿ, ಧ್ಯಾನಕ್ಕ ಬರವಲ್ದು" ಎಂದಳು ಪಿಸುಗುಟ್ಟಿದವಳೇ.

ಅನನ್ಯಾ ನಂಬಲಾರದೆ ನನ್ನನ್ನು ನೋಡಿದಳು. "ಆಂಟಿ, ಅವಳು ನಿಮ್ಮ ಸ್ಟೂಡೆಂಟ್ ಅಂತ ನೀವೇ ಹೇಳಿದ್ರಲ್ಲ?"

ನನಗೆ ಎಲ್ಲವೂ ನೆನಪಿರುತ್ತದೆ. ನನ್ನನ್ನು ಕುರ್ಚಿಯಿಂದ ಎಬ್ಬಿಸಿದವನ ಅಂಗಿಯ ಬಣ್ಣ ನೆನಪಿದೆ. ಹಾಜರಿ ಕರೆಯುವಾಗ ಆ ಹೆಸರಿನ ಹಿಂದೆ ಯಾವುದು, ಮುಂದೆ ಯಾವುದು, 'ಹಾಜರ್ ರೀ ಅಕ್ಕೋರ' ಎಂಬ ದನಿ ಯಾವ ಬೆಂಚಿನಿಂದ ಬರುತ್ತಿತ್ತು, ಎಲ್ಲವೂ ನೆನಪಿದೆ. ನನ್ನ ಮರೆವಿಲ್ಲದ ಬುದ್ಧಿಯ ಬಗ್ಗೆ ನನಗೆ ಒಳಗೊಳಗೇ ಅಭಿಮಾನವೂ ಉಂಟು.

"ವಯಸ್ಸಾಯಿತಮ್ಮ. ನೆನಪಿಲ್ಲ" ಎಂದೆ.

ಅವಳು ಹೊರಟುಹೋದಳು. ತಿರಸ್ಕೃತವಾದವು ಹೊರಗೆ ಮಾರಾಟವಾಗಬಾರದೆಂಬುದು ಕಂಪನಿಯ ನಿಯಮ. ಗಂಟನ್ನು ಗಾಡಿಗೆ ಹಾಕಿಕೊಂಡೇ ಹೋದರು. ಶಾಂತವ್ವನಿಗೆ ಮತ್ತೆ ಕೆಲಸ ಬರಲಿಲ್ಲ. ಓಣಿಯ ಉಳಿದವರಿಗೆ ಇಂದಿಗೂ ಬರುತ್ತದೆ, ಅವರು ಹೊಲಿಯುತ್ತಾರೆ. ಅದರಲ್ಲಿ ತಪ್ಪು ಹುಡುಕುವ ಹಕ್ಕು ನನಗಿಲ್ಲ. ಆ ಕಲೆ ಕಳೆದ ತಿಂಗಳು ಸುಜಾತಾಳ ಮಂಚದ ಮೇಲೂ ಇತ್ತು, ಅವಳ ಚಹಾದ ಕಪ್ಪಿನ ಮೇಲೂ ಇತ್ತು. ಸುಜಾತಾ ಅದೇ ಶಾಲೆಯಲ್ಲಿ, ಅದೇ ಹುಡುಗಿಯ ಪಕ್ಕದಲ್ಲಿ ಕುಳಿತು ಓದಿದವಳು. ಅವಳಿಗೆ ನಾನು ಏನನ್ನೂ ಹೇಳಲಿಲ್ಲ. ಸಂಜೆಯ ಬಸ್ಸು ಹಿಡಿದು ಮನೋಳಿಗೆ ಬಂದೆ.

ಕಸ್ತೂರಿ ಎಂಬುದು ಆ ಹುಡುಗಿಯ ಹೆಸರಲ್ಲ. ಆ ಸಂಜೆ ಎಲ್ಲರೂ ಹೋದ ಮೇಲೆ ಶಾಂತವ್ವ ನನ್ನನ್ನು ಕೇಳಿದ್ದು ಒಂದೇ: "ನೀವು ಬರಿಯಾವರು ಅಕ್ಕೋರ. ಏನರ ಬರೀರಿ, ಆಕಿ ಹೆಸರು ಒಂದು ಬರೀಬ್ಯಾಡ್ರಿ." ಹೀಗಾಗಿ ನಾನೇ ಒಂದು ಹೆಸರಿಟ್ಟೆ. ಈಗಲೂ ಕೆಲವು ಸಂಜೆ, ಅಡುಗೆಯ ಕೆಲಸ ಮುಗಿಸಿ ಕುಳಿತಾಗ, ಗೋಡೆಯಾಚೆ ಅವಳು ಯಾರನ್ನೋ ಊಟಕ್ಕೆ ಕರೆದಂತೆ ಆ ಹೆಸರು ಕರೆಯುವುದು ನನಗೆ ಕೇಳಿಸುತ್ತದೆ. ಅವಳು ಕರೆದು ಮುಗಿಸುವವರೆಗೂ ನಾನು ಪಾತ್ರೆಯ ಸದ್ದು ಮಾಡುವುದಿಲ್ಲ.